ವಾಕ್ಯಕ್ಕಿಂತ ಮೊದಲಿನ ನಿರ್ಣಯ

ತರ್ಕಶಾಸ್ತ್ರದ ಪುಸ್ತಕಗಳಲ್ಲಿ ನಿರ್ಣಯವೆಂದರೆ ಒಂದು ವಾಕ್ಯ: ಇದು ಹೀಗಿದೆ, ಅಥವಾ ಹೀಗಿಲ್ಲ. ಆ ವಾಕ್ಯ ಹುಟ್ಟುವ ಮೊದಲು ಅನುಭವದಲ್ಲಿ ಏನು ನಡೆದಿರುತ್ತದೆ ಎಂಬ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವರು ಫಿನಾಮಿನಾಲಜಿಯ, ಅಂದರೆ ವಸ್ತುಗಳು ಅನುಭವಕ್ಕೆ ಹೇಗೆ ತೋರುತ್ತವೆಂದು ಪರಿಶೀಲಿಸುವ ತತ್ತ್ವಪಂಥದ, ಮೂಲಪುರುಷ ಎಡ್ಮಂಡ್ ಹುಸರ್ಲ್ (1859–1938). ಗಣಿತದಿಂದ ತತ್ತ್ವಶಾಸ್ತ್ರಕ್ಕೆ ಬಂದ ಅವರು, ತರ್ಕದ ನಿಯಮಗಳು ಮನಸ್ಸಿನ ಅಭ್ಯಾಸಗಳಷ್ಟೇ ಎಂಬ ವಾದವನ್ನು 1900ರಲ್ಲೇ ಖಂಡಿಸಿದ್ದರು. ಅಂಥವರೇ ಕೊನೆಗೆ ದಿನನಿತ್ಯದ ಅನುಭವದತ್ತ ಹೊರಳಿದ್ದು ಸೋಜಿಗವೆನಿಸಬಹುದು.

ಅವರು ತೀರಿಕೊಂಡ ಮರುವರ್ಷ ಲುಡ್ವಿಗ್ ಲಾಂಡ್‌ಗ್ರೇಬೆ ಸಂಪಾದಿಸಿದ 'ಅನುಭವ ಮತ್ತು ನಿರ್ಣಯ' ಪ್ರಾಗ್‌ನಲ್ಲಿ ಅಚ್ಚಾಯಿತು. 'ಇಲ್ಲ' ಎಂಬುದು ಮೊದಲು ಮೂಡುವುದು ಮಾತಿನಲ್ಲಲ್ಲ, ನಿರೀಕ್ಷೆ ಮುರಿದಾಗ ಎಂಬುದು ಅದರ ಮುಖ್ಯ ಪ್ರತಿಪಾದನೆಗಳಲ್ಲೊಂದು. ಕಾಸರಗೋಡಿನ ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ತೋಡುವ ಕೆಲಸವನ್ನು ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ. ಪಸೆ ಹೆಚ್ಚಬಹುದೆಂದು ಮುಂದುವರಿದವನಿಗೆ ಒಣಗಿದ, ಗಟ್ಟಿ ಮುರಕಲ್ಲು ತಾಗಿದರೆ, 'ಇಲ್ಲಿ ಒರತೆಯಿಲ್ಲ' ಎಂದು ಬಾಯಿ ಹೇಳುವ ಮೊದಲೇ ಪಿಕ್ಕಾಸು ಹಿಡಿದ ಕೈ ತಡೆದಿರುತ್ತದೆ. ಅಷ್ಟೇ ಅಲ್ಲ, ಹಿಂದೆ ತಾಗಿದ್ದ ಪಸೆ ಈಗ ಒರತೆಯ ಕುರುಹಾಗಿ ಉಳಿಯುವುದಿಲ್ಲ, ಮಳೆಗಾಲದ ಉಳಿಕೆಯೆನಿಸಿಬಿಡುತ್ತದೆ. ಹುಸರ್ಲ್ ಹೇಳುವಂತೆ ನಿರಾಶೆ ಹಿಂದಕ್ಕೂ ಹರಿದು ಆಗಲೇ ಕಂಡದ್ದರ ಅರ್ಥವನ್ನು ತಿದ್ದುತ್ತದೆ. ಹಿಂದೆ ತೋಡಿದ ಸುರಂಗಗಳ ಅನುಭವವೆಲ್ಲ ಒಳಗೆ ಮಡ್ಡಿಗಟ್ಟಿ, ಮುಂದಿನ ಕಲ್ಲು ಎಂಥದೆಂಬ ಅಂದಾಜನ್ನು ಕೇಳದೆಯೇ ಒದಗಿಸುತ್ತಿರುತ್ತದೆ.

ಇದೇ ವಿಚಾರ ವಿಜ್ಞಾನದ ವಿಮರ್ಶೆಯಾಗಿ ಬೆಳೆದದ್ದು 1936ರಲ್ಲಿ. ಯಹೂದಿ ಮೂಲದವರೆಂದು ನಾಜಿ ಆಡಳಿತ ವಿಶ್ವವಿದ್ಯಾಲಯದಿಂದ ಹೊರಗಿಟ್ಟಿದ್ದ ಹುಸರ್ಲ್, ಐರೋಪ್ಯ ವಿಜ್ಞಾನಗಳ ಬಿಕ್ಕಟ್ಟನ್ನು ಕುರಿತ ತಮ್ಮ ಬರಹದ ಮೊದಲ ಭಾಗಗಳನ್ನು ಬೆಲ್‌ಗ್ರೇಡಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಗೆಲಿಲಿಯೊ ನಿಸರ್ಗವನ್ನು ಗಣಿತದ ಭಾಷೆಗೆ ಇಳಿಸಿದ ಮೇಲೆ, ಆ ಗಣಿತಕ್ಕೆ ಆಧಾರವಾದ ಜೀವನಜಗತ್ತು, ಅಂದರೆ ನಾವು ದಿನವೂ ನೇರವಾಗಿ ಅನುಭವಿಸುವ ಜಗತ್ತು, ಮರೆತುಹೋಯಿತೆಂಬುದು ಅವರ ಆಕ್ಷೇಪ. ಅಜ್ಜಂದಿರ ಅನುಭವವೇ ವಿಜ್ಞಾನಕ್ಕಿಂತ ಮಿಗಿಲೆಂದು ಸಾಧಿಸಲು ಈ ಮಾತನ್ನು ಬಳಸುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಅಂತರ್ಜಲ ಅಳೆಯುವವರೂ ಮಾಪಕದ ಗೆರೆಯನ್ನು ಕಣ್ಣಿನಿಂದಲೇ ಓದಬೇಕು ಎಂಬುದಷ್ಟೇ ಹುಸರ್ಲರ ವಾದದ ತಿರುಳು, ಅಳತೆ ಸುಳ್ಳೆಂದಲ್ಲ.

1939ರಲ್ಲಿ ಬೆಲ್ಜಿಯಮಿನ ಲೂವೆನ್‌ಗೆ ಹೋಗಿ ಹುಸರ್ಲರ ಹಸ್ತಪ್ರತಿಗಳನ್ನು ಓದಿದ ಫ್ರಾನ್ಸಿನ ತತ್ತ್ವಜ್ಞ ಮೆರ್ಲೊ-ಪಾಂಟಿ, 1945ರ ತಮ್ಮ ಗ್ರಂಥದಲ್ಲಿ ಈ ಅನುಭವದ ನೆಲೆ ದೇಹವೇ ಎಂದು ವಾದಿಸಿದರು. ಊರಿಂದೂರಿಗೆ ಬದುಕು ಬೇರೆಯಾದರೂ ಜೀವನಜಗತ್ತಿಗೆ ಎಲ್ಲೆಡೆ ಸಮಾನವಾದ ಒಂದು ರಚನೆಯಿದೆ ಎಂದು ಹುಸರ್ಲ್ ನಂಬಿದ್ದರು. ತುಳು, ಕನ್ನಡ, ಮಲಯಾಳಗಳು ಒಂದೇ ಅಂಗಳದಲ್ಲಿ ಬೆರೆಯುವ ನಮ್ಮಲ್ಲಿ ಅದು ಸುಲಭವಾಗಿ ಒಪ್ಪಿಗೆಯಾಗಬಹುದಾದರೂ, ತತ್ತ್ವಶಾಸ್ತ್ರದಲ್ಲಿ ಆ ಚರ್ಚೆ ಇನ್ನೂ ಮುಗಿದಿಲ್ಲ.