ಆಟಕ್ಕುಂಟು, ಲೆಕ್ಕಕ್ಕಿಲ್ಲ ಅನ್ನಬೇಡಿ

ಪ್ರಶ್ನೆ: ಇಟಲಿಯ ರೇಸ್ ಚಾಲಕ ಜಿಯಾನ್‌ಕಾರ್ಲೊ ಬಗೆಟ್ಟಿ ತಮ್ಮ ಮೊದಲ ಮೂರು ಫಾರ್ಮುಲಾ ಒನ್ ರೇಸ್‌ಗಳನ್ನೂ ಗೆದ್ದರು ಅಂತೀರಿ. ದಾಖಲೆಯಲ್ಲಿ ಅವರ ಹೆಸರಿಗೆ ಒಂದೇ ಗೆಲುವು ಇದೆಯಲ್ಲ?

ಎರಡೂ ನಿಜ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ನೆನಪಿಲ್ಲ, ಇನ್ನೊಮ್ಮೆ ಬರೆಯುತ್ತೇನೆ. ನೀವು ನೋಡಿದ ದಾಖಲೆ ವಿಶ್ವ ಚಾಂಪಿಯನ್‌ಶಿಪ್‌ನದ್ದು, ಅದರಲ್ಲಿ ಪಾಯಿಂಟ್ ಇರುವ ರೇಸ್‌ಗಳಿಗೆ ಮಾತ್ರ ಲೆಕ್ಕ. 1961ರಲ್ಲಿ ಪಾಯಿಂಟ್ ಸಿಗುತ್ತಿದ್ದ ರೇಸ್‌ಗಳು ಬರೀ 8. ಅದೇ ಕಾರು, ಅದೇ ನಿಯಮ ಇಟ್ಟುಕೊಂಡು ಪಾಯಿಂಟ್ ಇಲ್ಲದೆ ನಡೆದ ರೇಸ್‌ಗಳು ಅದರ ಎರಡರಷ್ಟಕ್ಕೂ ಜಾಸ್ತಿ. ಬಗೆಟ್ಟಿಯವರ ಮೊದಲ ಎರಡು ಗೆಲುವು ಬಂದಿದ್ದು ಅಲ್ಲಿ.

ಇಷ್ಟು ಹೇಳಿದ ತಕ್ಷಣ ಮುಂದಿನ ಮಾತು ಬರುತ್ತದೆ: "ಹಾಗಾದ್ರೆ ಅವು ಸುಮ್ನೆ ಪ್ರಾಕ್ಟೀಸ್ ರೇಸ್ ಅಲ್ವಾ? ದೊಡ್ಡವರು ಯಾರೂ ಬಂದಿರಲ್ಲ." ಅಲ್ಲ. ಈ ಒಂದು ಮಾತು ಯಾಕೆ ಸಾಯುವುದೇ ಇಲ್ಲವೋ ಗೊತ್ತಿಲ್ಲ.

ಮೊದಲ ಗೆಲುವು ಬಂದ ಸಿರಾಕ್ಯೂಸ್‌ಗೆ ಬನ್ನಿ. ಇಟಲಿಯ ಸಿಸಿಲಿ ದ್ವೀಪದ ಊರು, 1961ರ ಏಪ್ರಿಲ್ 25. ಓಡುವುದು ಊರಾಚೆಯ ಮಾಮೂಲಿ ರಸ್ತೆಯಲ್ಲಿ, ಪಕ್ಕದಲ್ಲೇ ಕಾಂಕ್ರೀಟ್ ಗೋಡೆ. ಸ್ವಲ್ಪ ಅಗಲ ಹೋದರೆ ಚಕ್ರ ಗೋಡೆಗೆ ತಾಗುತ್ತದೆ. 56 ಸುತ್ತು, 300 ಕಿಲೋಮೀಟರ್‌ಗೂ ಜಾಸ್ತಿ. ಇದನ್ನು ಪ್ರಾಕ್ಟೀಸ್ ಅನ್ನುವುದು ಹೇಗೆ?

ಬಂದವರು ಯಾರು? ಹಿಂದಿನ ಎರಡು ವರ್ಷವೂ ಚಾಂಪಿಯನ್ ಆಗಿದ್ದ ಜಾಕ್ ಬ್ರಾಬಮ್. ಸ್ಟರ್ಲಿಂಗ್ ಮಾಸ್. ಗ್ರಹಾಂ ಹಿಲ್. ಜಾನ್ ಸರ್ಟೀಸ್. ಪೋರ್ಷೆ ಕಾರಲ್ಲಿ ಡ್ಯಾನ್ ಗರ್ನಿ ಮತ್ತು ಯೋ ಬೋನಿಯರ್. ಇವರೆಲ್ಲರ ಎದುರು 26 ವರ್ಷದ ಬಗೆಟ್ಟಿ. ಅಲ್ಲಿಯವರೆಗೆ ಫಾರ್ಮುಲಾ ಒನ್ ಕಾರಲ್ಲಿ ಒಂದೇ ಒಂದು ರೇಸ್ ಓಡಿಸಿರಲಿಲ್ಲ. ಇಟಲಿಯ ಹೊಸ ಹುಡುಗರನ್ನು ಮೇಲೆ ತರಲು ಅಲ್ಲಿನ ತಂಡಗಳ ಒಕ್ಕೂಟವೊಂದಿತ್ತು. ಅದಕ್ಕೆ ಫೆರಾರಿ ತನ್ನ ಹೊಸ 156 ಕಾರನ್ನು ಕೊಟ್ಟಿತ್ತು. ಆವತ್ತು ಓಡಿದ ಫೆರಾರಿ ಅದೊಂದೇ. ಅದೇ ಗೆದ್ದಿತು. ಗರ್ನಿ ಸುಮಾರು 5 ಸೆಕೆಂಡ್ ಹಿಂದೆ ಬಂದು ಎರಡನೆಯವರಾದರು.

ಕಾರು ಚೆನ್ನಾಗಿತ್ತು, ಒಪ್ಪುತ್ತೇನೆ. ಆ ವರ್ಷ ಎಂಜಿನ್ ಮಿತಿ 1.5 ಲೀಟರ್‌ಗೆ ಇಳಿದಿತ್ತು. ಫೆರಾರಿ ಆರು ಸಿಲಿಂಡರ್ ಎಂಜಿನ್ ಸಿದ್ಧಮಾಡಿಕೊಂಡಿತ್ತು, ಇಂಗ್ಲೆಂಡಿನವರು ಕ್ಲೈಮ್ಯಾಕ್ಸ್ ಎಂಬ ಕಂಪನಿಯ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲೇ ಕಾಲ ತಳ್ಳುತ್ತಿದ್ದರು. ಆದರೆ ಆ ಗೋಡೆಗಳ ನಡುವೆ ಗರ್ನಿಯನ್ನು ಹಿಂದೆ ಇಟ್ಟುಕೊಂಡು ತಪ್ಪಿಲ್ಲದೆ ಓಡಿಸಿದ್ದು ಎಂಜಿನ್ ಅಲ್ಲ.

ಸಂದೇಹ ಪಡಲೇಬೇಕು ಅಂದರೆ ಎರಡನೇ ಗೆಲುವಾದ ಮೇ 14ರ ನೇಪಲ್ಸ್ ರೇಸ್ ಬಗ್ಗೆ ಪಡಿ. ಅದೇ ದಿನ ಮೊನಾಕೊದಲ್ಲಿ ಪಾಯಿಂಟ್ ಇದ್ದ ರೇಸ್ ಇತ್ತು, ದೊಡ್ಡವರೆಲ್ಲ ಅಲ್ಲಿಗೆ ಹೋಗಿದ್ದರು. ಮೂರನೆಯದು ಜುಲೈ 2, ಫ್ರಾನ್ಸಿನ ರ‍್ಯಾಮ್ಸ್. ಪಾಯಿಂಟ್ ಇದ್ದ ರೇಸ್. ಕೊನೆಯ ನೇರ ರಸ್ತೆಯಲ್ಲಿ ಗರ್ನಿಯ ಬೆನ್ನಿಗೇ ಅಂಟಿಕೊಂಡು ಬಂದು, ಗೆರೆಯ ಹತ್ತಿರ ಪಕ್ಕಕ್ಕೆ ಸರಿದು 0.1 ಸೆಕೆಂಡ್‌ನಲ್ಲಿ ಗೆದ್ದರು. ದಾಖಲೆಯಲ್ಲಿ ನೀವು ನೋಡಿದ್ದು ಇದನ್ನೇ.

ಯಾರೂ ಕೇಳದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಎಂಜಿನ್ ಮುಂದೆ ಇದ್ದ ಕಾರು ಕೊನೆಯದಾಗಿ ಫಾರ್ಮುಲಾ ಒನ್ ರೇಸ್ ಗೆದ್ದಿದ್ದು ಯಾವಾಗ? 1960ರಲ್ಲಿ ಇಟಲಿಯ ಮೊಂಜಾದಲ್ಲಿ ಅನ್ನುತ್ತಾರೆ ಎಲ್ಲರೂ. ಚಾಂಪಿಯನ್‌ಶಿಪ್ ಮಾತ್ರ ಲೆಕ್ಕ ಹಾಕಿದರೆ ಅದು ಸರಿ. ಆದರೆ 1961ರ ಸೆಪ್ಟೆಂಬರ್‌ನಲ್ಲಿ, ಇಂಗ್ಲೆಂಡಿನ ಔಲ್ಟನ್ ಪಾರ್ಕ್‌ನಲ್ಲಿ, ಗೋಲ್ಡ್ ಕಪ್ ಎಂಬ ಪಾಯಿಂಟ್ ಇಲ್ಲದ ರೇಸನ್ನು ಮಾಸ್ ಗೆದ್ದರು. ಅವರ ಕಾರಿನ ಎಂಜಿನ್ ಮುಂದಿತ್ತು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತಿತ್ತು. ಒದ್ದೆ ರಸ್ತೆಯಲ್ಲಿ ಉಳಿದವರ ಹಿಂದಿನ ಚಕ್ರ ಜಾರುವಾಗ ಇದು ನೆಲ ಹಿಡಿದುಕೊಂಡು ಹೋಗುತ್ತಿತ್ತು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಫಾರ್ಮುಲಾ ಒನ್ ರೇಸ್ ಗೆದ್ದಿದ್ದು ಅದೊಂದೇ ಸಲ. ಕಾರಿನ ಹೆಸರು ಫರ್ಗುಸನ್ ಪಿ99. ಹೌದು, ನಮ್ಮ ಹೊಲಗಳಲ್ಲಿ ಓಡುವ ಮ್ಯಾಸಿ ಫರ್ಗುಸನ್ ಟ್ರ್ಯಾಕ್ಟರ್‌ನ ಹೆಸರಿನಲ್ಲಿರುವ ಅದೇ ಹ್ಯಾರಿ ಫರ್ಗುಸನ್. ಅವರು 1960ರ ಅಕ್ಟೋಬರ್‌ನಲ್ಲೇ ತೀರಿಕೊಂಡಿದ್ದರು. ಕಾರು ರೇಸಿಗೆ ಇಳಿದಿದ್ದನ್ನು ನೋಡಲಿಲ್ಲ.