ನೂರರಲ್ಲಿ ಐದು ಮಕ್ಕಳ ಪಾಲು

ದಡಾರದ ವೈರಸ್ ಗಾಳಿಯಲ್ಲೇ ಹರಡುತ್ತದೆ. ರೋಗಿ ಎದ್ದು ಹೋದ ಮೇಲೂ ಆ ಕೋಣೆಯಲ್ಲಿ ಎರಡು ಗಂಟೆಯವರೆಗೆ ಉಳಿಯಬಲ್ಲದು. ಯಾರಿಗೂ ರಕ್ಷಣೆಯಿಲ್ಲದ ಕಡೆ ಒಬ್ಬರಿಂದ 12ರಿಂದ 18 ಜನಕ್ಕೆ ಅಂಟುತ್ತದೆ. ಅದಕ್ಕೇ ನೂರಕ್ಕೆ ಸುಮಾರು 95 ಮಂದಿಗೆ ರಕ್ಷಣೆ ಇರಬೇಕು ಅನ್ನುವುದು. ಲಸಿಕೆಯಿಲ್ಲದೆ ಉಳಿಯಬಹುದಾದ ಆ ಐದು ಜಾಗ ಯಾರ ಪಾಲು? ಅಮೆರಿಕದ ರಾಜ್ಯಗಳು ಜಗಳವಾಡುತ್ತಿರುವುದು ಇದಕ್ಕೇ.

ರಕ್ತದ ಕ್ಯಾನ್ಸರ್‌ಗೆ ಕಿಮೋ ತೆಗೆದುಕೊಳ್ಳುತ್ತಿರುವ ಮಗುವಿಗೆ ದಡಾರದ ಲಸಿಕೆ ಕೊಡುವಂತಿಲ್ಲ. ಅದರಲ್ಲಿರುವುದು ಶಕ್ತಿ ಕುಂದಿಸಿದ ಜೀವಂತ ವೈರಸ್. ಸೋತ ದೇಹ ಅದನ್ನೂ ತಡೆದುಕೊಳ್ಳಲಾರದು. ಅಂಥ ಮಗುವಿಗೆ ಅಕ್ಕಪಕ್ಕದ ಬೆಂಚಿನ ಮಕ್ಕಳೇ ಕಾವಲು.

ಕ್ಯಾಲಿಫೋರ್ನಿಯಾದಲ್ಲಿ ಶಾಲೆಗೆ ಸೇರಲು ಲಸಿಕೆ ಆಗಿರಬೇಕು. ಆದರೆ ಮೊದಲು ಅಪ್ಪ ಅಮ್ಮ 'ನಮಗೆ ನಂಬಿಕೆಯಿಲ್ಲ' ಅಂತ ಬರೆದುಕೊಟ್ಟರೂ ವಿನಾಯಿತಿ ಸಿಗುತ್ತಿತ್ತು. 2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡ್‌ನಿಂದ ದಡಾರ ಹಬ್ಬಿ, ನೂರಕ್ಕೂ ಜಾಸ್ತಿ ಜನ ಮಲಗಿದರು. ಆಗ ಅಲ್ಲಿನ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಎಲ್ಲ ಲಸಿಕೆ ಆಗಿದ್ದದ್ದು ನೂರಕ್ಕೆ ಸುಮಾರು 90ಕ್ಕೆ. ಇದು ಇಡೀ ರಾಜ್ಯದ ಸರಾಸರಿ ಅಷ್ಟೇ. ಲಸಿಕೆ ಬೇಡ ಅನ್ನುವವರು ಊರೆಲ್ಲ ಸಮನಾಗಿ ಹಂಚಿಹೋಗಿರುವುದಿಲ್ಲ, ಒಂದೇ ಬಡಾವಣೆ, ಒಂದೇ ಶಾಲೆಯಲ್ಲಿ ಗುಂಪಾಗಿರುತ್ತಾರೆ. ವೈರಸ್‌ಗೆ ಬೇಕಾದದ್ದೂ ಅದೇ.

ಮಕ್ಕಳ ವೈದ್ಯರೂ ಆಗಿದ್ದ ಸೆನೆಟರ್ ರಿಚರ್ಡ್ ಪ್ಯಾನ್, ಬೆನ್ ಆ್ಯಲನ್ ಜೊತೆ ಸೇರಿ ತಂದ ಎಸ್‌ಬಿ 277 ಮಸೂದೆಗೆ 2015ರಲ್ಲಿ ಗವರ್ನರ್ ಸಹಿ ಬಿತ್ತು. ವೈದ್ಯಕೀಯ ಕಾರಣವೊಂದನ್ನು ಬಿಟ್ಟು ಉಳಿದ ವಿನಾಯಿತಿ ಹೋಯಿತು. 2016-17ರಲ್ಲಿ ಲಸಿಕೆ ಪ್ರಮಾಣ 95 ದಾಟಿತು. ಆದರೆ ಡಾಕ್ಟರ ಚೀಟಿ ತಂದವರೂ ಹೆಚ್ಚಿದರು: ಶೇ. 0.2 ಇದ್ದದ್ದು ಎರಡೇ ವರ್ಷದಲ್ಲಿ ಶೇ. 0.7. ಕಾಯಿಲೆಯ ಮಕ್ಕಳು ಅಷ್ಟು ಬೇಗ ಮೂರುಪಟ್ಟು ಆಗುತ್ತಾರಾ? ಕೊನೆಗೆ 2019ರಲ್ಲಿ ಇನ್ನೊಂದು ಕಾನೂನು ಬಂತು. ವರ್ಷಕ್ಕೆ ಐದಕ್ಕಿಂತ ಜಾಸ್ತಿ ಚೀಟಿ ಬರೆಯುವ ವೈದ್ಯರನ್ನು ಸರ್ಕಾರ ಪರಿಶೀಲಿಸತೊಡಗಿತು. ಇದು ಕಟುವಾದ ಕ್ರಮ ಅಂತ ನನಗನಿಸುವುದಿಲ್ಲ. ಸುಳ್ಳು ಚೀಟಿ ನಿಜವಾದ ರೋಗಿಯ ಜಾಗವನ್ನೇ ಕಿತ್ತುಕೊಳ್ಳುತ್ತದೆ.

ಮೊಂಟಾನಾ ರಾಜ್ಯ ಹಿಡಿದದ್ದು ಬೇರೆ ದಾರಿ. ಅಲ್ಲಿನ 2021ರ ಎಚ್‌ಬಿ 702 ಕಾನೂನಿನ ಪ್ರಕಾರ, ಲಸಿಕೆ ಹಾಕಿಸಿಕೊಂಡಿಲ್ಲ ಅಂತ ಕೆಲಸ ನಿರಾಕರಿಸಿದರೆ ಅದು ತಾರತಮ್ಯ. ಕೋವಿಡ್ ಒಂದಕ್ಕೇ ಅಲ್ಲ, ಎಲ್ಲ ಲಸಿಕೆಗೂ ಇದು ಅನ್ವಯ. ಶಾಲೆಗಳ ಹಳೆಯ ಲಸಿಕೆ ನಿಯಮವನ್ನು ಮಾತ್ರ ಮುಟ್ಟಲಿಲ್ಲ. ಹೊಟ್ಟೆಪಾಡಿನ ಕೆಲಸ ಹೋಗುವ ಭಯ ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ಕ್ಯಾನ್ಸರ್ ವಾರ್ಡಿನ ನರ್ಸ್‌ಗೂ ಇದೇ ಮಾತು ಹೇಳಬಹುದೇ? ಆಸ್ಪತ್ರೆ, ಕ್ಲಿನಿಕ್‌ಗಳ ಮಟ್ಟಿಗೆ ಈ ಕಾನೂನನ್ನು 2022ರಲ್ಲಿ ಫೆಡರಲ್ ನ್ಯಾಯಾಧೀಶರು ತಡೆದರು. 2024ರಲ್ಲಿ ಮೇಲಿನ ಕೋರ್ಟು ಆ ತಡೆಯನ್ನು ತೆಗೆದುಹಾಕಿತು.