ನೂಲು ಬರುವ ದಿನ ಗೊತ್ತಿದ್ದರೆ

ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತಾ ಬಂದಾಗ ನೇಕಾರರು ಎಳೆಗಳನ್ನು ಪೂರ್ತಿ ತೆಗೆದುಬಿಡುವುದಿಲ್ಲ. ತುದಿಗಳನ್ನು ಬಾಚಣಿಗೆಯಂಥ ಅಚ್ಚಿನಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಅದಕ್ಕೆ ಸೇರಿಸುತ್ತಾರೆ. ಎಳೆಗಳು ಸಾವಿರಾರು. ಹೊಸ ನೂಲು ಬಾರದಿದ್ದರೆ ಆ ತುದಿಗಳು ಹಾಗೇ ಜೋತುಬಿದ್ದಿರುತ್ತವೆ, ಮನೆಯ ಕೂಲಿಯೂ ನಿಲ್ಲುತ್ತದೆ. ಶ್ರೀರಂಗಪಟ್ಟಣ ತಾಲೂಕಿನ ಕೊಡಿಯಾಲದಂಥ ನೇಕಾರರ ಊರಿನಲ್ಲಿ ನೂಲನ್ನು ಮುಂಚಿತವಾಗಿ ಪೇರಿಸಿಡುವುದರ ಹಿಂದೆ ಈ ಭಯವಿದೆ.

ಒಂದು ಸಣ್ಣ ಲೆಕ್ಕ ನೋಡಿ. ದಿನಕ್ಕೆ 2 ಕಿಲೋ ನೂಲು ಬೇಕಾದ ಮಗ್ಗದ ಶೆಡ್ಡು ಎಂದುಕೊಳ್ಳೋಣ. ಒಬ್ಬ ವ್ಯಾಪಾರಿ ಯಾವಾಗ ಹೇಳಿದರೂ 12ನೇ ದಿನಕ್ಕೆ ಸರಿಯಾಗಿ ಕಳಿಸುತ್ತಾನೆ. ಶೆಡ್ಡಿನಲ್ಲಿ 24 ಕಿಲೋ ಉಳಿದಾಗ ಅವನಿಗೆ ಫೋನ್ ಮಾಡಿದರೆ ಸಾಕು. ಇನ್ನೊಬ್ಬ ಸಾಮಾನ್ಯವಾಗಿ 8 ದಿನಕ್ಕೇ ಕಳಿಸುತ್ತಾನೆ, ಆದರೆ ಆಗಾಗ 20 ದಿನ ಎಳೆಯುತ್ತಾನೆ. ಅವನನ್ನು ನಂಬಿಕೊಂಡವರು 40 ಕಿಲೋ ಇರುವಾಗಲೇ ಆರ್ಡರ್ ಕೊಡಬೇಕು. ಬೇಗ ಕೊಡುವವನಿಗಾಗಿ 16 ಕಿಲೋ ಹೆಚ್ಚು ದಾಸ್ತಾನು! ಕಿಲೋಗೆ ಸಾವಿರಾರು ರೂಪಾಯಿಯ ರೇಷ್ಮೆಯಲ್ಲಿ ಇದು ಸಾಲ ತಂದು ಕಪಾಟಿನಲ್ಲಿಟ್ಟ ದುಡ್ಡು, ಅದರ ಬಡ್ಡಿಯನ್ನು ನೇಕಾರರೇ ತುಂಬುತ್ತಾರೆ.

ಈ ಅನಿಶ್ಚಿತತೆ ಶುರುವಾಗುವುದು ಹುಳುವಿನಿಂದಲೇ. ಗೂಡು ಕಟ್ಟಿದ 10–12 ದಿನಕ್ಕೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಹಾಗಾಗಿ ರೈತ ಗೂಡನ್ನು ಮನೆಯಲ್ಲಿಟ್ಟು ಬೆಲೆ ಕಾಯುವಂತಿಲ್ಲ, ರಾಮನಗರದಂಥ ಮಾರುಕಟ್ಟೆಗೆ ತಕ್ಷಣ ಒಯ್ಯಬೇಕು. ಹುಳು ತಿನ್ನುವ ಹಿಪ್ಪುನೇರಳೆ ಸೊಪ್ಪು ಒಣಗಿದರೆ ಗೂಡು ಕಡಿಮೆ. 1980ರಲ್ಲಿ ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಬೆಳೆಯ ಮೇಲಿನ ಭರವಸೆ ಇನ್ನಷ್ಟು ಕುಗ್ಗಿತು. ಆಮೇಲೆ ಬಿಚ್ಚಣಿಕೆ, ಹುರಿ, ಬಣ್ಣ, ಹಾಸು: ನೂಲು ದಾಟುವ ಪ್ರತಿ ಕೈಯೂ ಒಂದಷ್ಟು ದಿನ ಸೇರಿಸುತ್ತದೆ.

ಮೈಸೂರಿನಲ್ಲಿ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಗೆ ಬಂತು. ನಿಗಮಕ್ಕೆ ತಿ. ನರಸೀಪುರದಲ್ಲಿ ತನ್ನದೇ ನೂಲು ಬಿಚ್ಚಣಿಕೆ ಘಟಕವಿದೆ. ಗೂಡಿನಿಂದ ಸೀರೆವರೆಗೆ ಒಂದೇ ಸಂಸ್ಥೆ ಎಂದರೆ ನೂಲು ಯಾವಾಗ ಸಿದ್ಧವಾಗುತ್ತದೆಂದು ಒಳಗಿನವರಿಗೇ ತಿಳಿಯುತ್ತದೆ. ನಾಲ್ಕು ಮಗ್ಗದವರಿಗೆ ಈ ಅನುಕೂಲವಿಲ್ಲ. ಅವರಿಗೆ ನೂಲು ಎಲ್ಲಿಂದ ಬಂದರೂ ಒಂದೇ ಹದದಲ್ಲಿ, ಹೇಳಿದ ದಿನಕ್ಕೆ ಬರಬೇಕು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದಾಗ ನಮ್ಮ ರೈತರಿಗೆ ಹೊಡೆತ ಬಿತ್ತು. ಆ ನೋವು ನಿಜ. ಹೊರಗಿನ ನೂಲಿನತ್ತ ನೇಕಾರರ ಕಣ್ಣು ಹೋಗುವುದಕ್ಕೆ ಬೆಲೆಯೊಂದೇ ಕಾರಣ ಎಂದು ಮಾತ್ರ ನಾನು ಒಪ್ಪಲಾರೆ.

ಬೇಕಾದಾಗ ಬೇಕಾದಷ್ಟೇ ಸರಕು ತರಿಸಿಕೊಳ್ಳುವ ಪದ್ಧತಿಗೆ ಹೆಸರಾದ ಟೊಯೊಟಾದ ಬೇರೂ ಮಗ್ಗದಲ್ಲೇ ಇದೆ. ಟೊಯೊಡಾ ಸಕಿಚಿ 1924ರಲ್ಲಿ ಸ್ವಯಂಚಾಲಿತ ಮಗ್ಗ ಪೂರ್ಣಗೊಳಿಸಿದವರು, ಕಾರು ಕಟ್ಟಿದ್ದು ಅವರ ಮಗ. ಆ ಕಂಪನಿಯ ಬಿಡದಿ ಕಾರ್ಖಾನೆ ರಾಮನಗರದ ಗೂಡು ಮಾರುಕಟ್ಟೆಗೆ ಅರ್ಧ ಗಂಟೆಯ ದಾರಿಯಷ್ಟೆ.

ಹುಳುವಿಗೂ ದಿನದ ಲೆಕ್ಕವುಂಟು. ಎಳೆಯ ಹುಳುಗಳನ್ನು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಮರಿಹುಳು ರೈತನ ಮನೆ ಸೇರಿದ ಸುಮಾರು ಮೂರು ವಾರಕ್ಕೆ ಗೂಡು ಕೈಗೆ ಬರುತ್ತದೆ. ಯಾರಿಗೆ ಎಷ್ಟು ಮೊಟ್ಟೆಯ ಹುಳು ಹೋಯಿತೆಂದು ಚಾಕಿ ಸಾಕುವವರಿಗೆ ಗೊತ್ತೇ ಇರುತ್ತದೆ. ಆ ಮಾಹಿತಿ ಬಿಚ್ಚಣಿಕೆದಾರರಿಗೂ ಅವರಿಂದ ನೇಕಾರರಿಗೂ ವಾರವಾರ ತಲುಪುವ ವ್ಯವಸ್ಥೆಯಾಗಬೇಕು. "ಈ ಸಲ ನಾಲ್ಕು ದಿನ ತಡ" ಎಂಬ ಮಾತು ಹಾಸು ಮುಗಿಯುವ ಮುಂಚೆ ಕೊಡಿಯಾಲ ತಲುಪಿದರೂ ಸಾಕು, ಆರ್ಡರನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು.